ಥ್ರಾಟಲ್ ಅರ್ಧ ಮಾಡಿದೆ, ಬಿಸಿ ಮಾತ್ರ ಅರ್ಧ ಆಗಲಿಲ್ಲ

ಐದಾರು ಭಾನುವಾರ ಒಂದೇ ಕೆಲಸಕ್ಕೆ ಹೋಯಿತು. ಮಗಳ ಕೈಗೆ ಕೊಡುವ ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರಿನ ವೇಗ ಅರ್ಧಕ್ಕೆ ಇಳಿಸಬೇಕಿತ್ತು, ಅಷ್ಟೇ. ರಿಮೋಟಿನಲ್ಲಿ ಒಂದು ಅಂಕಿ ಬದಲಾಯಿಸಿದರೆ ಮುಗಿಯಿತು, ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಕೊನೆಗೆ ಗೇರು, ಬ್ಯಾಟರಿ, ಕೆಪ್ಯಾಸಿಟರ್ ಎಲ್ಲಾ ಬಿಚ್ಚಿ ಹರಡಿಕೊಂಡು ಕೂತಿದ್ದಾಯಿತು. ಖರ್ಚು 6,245 ರೂಪಾಯಿ. ಆಗಾಗ ಬರೆದಿಟ್ಟುಕೊಂಡಿದ್ದನ್ನು ತಾರೀಕಿನ ಪ್ರಕಾರ ಹಾಕಿದ್ದೇನೆ. ತಪ್ಪುಗಳನ್ನೂ ಬಿಟ್ಟಿಲ್ಲ.

ಮೊದಲು ಕಾರಿನ ವಿಷಯ. 1/10 ಅಳತೆಯ ಮಾನ್‌ಸ್ಟರ್ ಟ್ರಕ್, ಫೋರ್ ವೀಲ್ ಡ್ರೈವ್. ಟೈರಿನ ವ್ಯಾಸ 110 ಮಿ.ಮೀ. ಬ್ಯಾಟರಿ ಸೇರಿ ತೂಕ 2.6 ಕೆಜಿ. ಮೋಟರ್ 3652 ಸೈಜಿನದು, ಸೆನ್ಸರ್ ಇಲ್ಲದ ಬ್ರಶ್‌ಲೆಸ್, 3300 ಕೆವಿ. ಇಎಸ್‌ಸಿ 60 ಆಂಪಿನದು, 2ಎಸ್ ಮತ್ತು 3ಎಸ್ ಲಿಪೋ ಬ್ಯಾಟರಿ ಎರಡನ್ನೂ ತಡೆದುಕೊಳ್ಳುತ್ತದೆ. ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ 14,500ಕ್ಕೆ ತಗೊಂಡಿದ್ದು. ಜೊತೆಗೆ 3ಎಸ್ 5000 ಎಂಎಎಚ್ ಬ್ಯಾಟರಿ ಒಂದು ಬಂತು.

ಈ ಹವ್ಯಾಸಕ್ಕೆ ಹೊಸಬರಾದರೆ ಇಷ್ಟು ಸಾಕು. ಇಎಸ್‌ಸಿ ಅಂದರೆ ಬ್ಯಾಟರಿಗೂ ಮೋಟರಿಗೂ ನಡುವೆ ಕೂತು ವೇಗ ಹಿಡಿತದಲ್ಲಿಡುವ ಡಬ್ಬಿ. 3ಎಸ್ ಅಂದರೆ ಮೂರು ಸೆಲ್, 11.1 ವೋಲ್ಟ್. ಕೆವಿ ಅಂದರೆ ಒಂದು ವೋಲ್ಟಿಗೆ ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ನನ್ನ ಮೋಟರಿಗೆ 3ಎಸ್ ಕೊಟ್ಟರೆ 36,630 ಸುತ್ತು.

ಹಳೆಯ ಫೋನೊಂದನ್ನು ಕಾರಿನ ಮೇಲೆ ಟೇಪ್ ಸುತ್ತಿ ಕಟ್ಟಿ, ಜಿಪಿಎಸ್‌ನಲ್ಲಿ ನೋಡಿದಾಗ ಗಂಟೆಗೆ 61 ಕಿ.ಮೀ. ಬಂತು. ಒಂಬತ್ತು ವರ್ಷದ ಮಗುವಿಗೆ ಇದು ಆಟದ ಸಾಮಾನಲ್ಲ. ಎದುರು ಬಂದವರ ಮೊಣಕಾಲು ಮುರಿಯುತ್ತದೆ.

ಮಾರ್ಚ್ 9, ಭಾನುವಾರ

ರಿಮೋಟಿನಲ್ಲಿ ಇಪಿಎ ಅಂತ ಒಂದು ಸೆಟ್ಟಿಂಗ್ ಇದೆ. ಟ್ರಿಗರ್ ಪೂರ್ತಿ ಒತ್ತಿದಾಗ ಸಿಗ್ನಲ್ ಎಲ್ಲಿಯವರೆಗೆ ಹೋಗಬೇಕು ಅಂತ ಅದು ಹೇಳುತ್ತದೆ. ಥ್ರಾಟಲ್ ಇಪಿಎ 100ರಿಂದ 50ಕ್ಕೆ ಇಳಿಸಿದೆ. ಅಂಗಳದಲ್ಲಿ ಓಡಿಸಿದೆ, ನಿಧಾನ ಆಗಿತ್ತು.

ಅಲ್ಲಿಗೇ ಬಿಡಬೇಕಿತ್ತು. ಸೆಟ್ಟಿಂಗ್ ಬದಲಾಯಿಸಿದ್ದೇನಲ್ಲ, ಇಎಸ್‌ಸಿಯನ್ನು ಹೊಸದಾಗಿ ಕ್ಯಾಲಿಬ್ರೇಟ್ ಮಾಡಿಬಿಡೋಣ ಅಂತ ಹೊರಟೆ. ಬಟನ್ ಒತ್ತಿ ಹಿಡಿದು ಆನ್ ಮಾಡು, ನ್ಯೂಟ್ರಲ್ ತೋರಿಸು, ಪೂರ್ತಿ ಟ್ರಿಗರ್ ಒತ್ತು, ಪೂರ್ತಿ ಬ್ರೇಕ್ ತಳ್ಳು. ಎಲ್ಲಾ ಸರಿಯಾಗಿ ಬೀಪ್ ಆಯಿತು. ಮಗಳ ಕೈಗೆ ರಿಮೋಟ್ ಕೊಟ್ಟೆ. ಅವಳು ಟ್ರಿಗರ್ ಪೂರ್ತಿ ಎಳೆದಳು. ಕಾರು ಗುಂಡಿನ ಹಾಗೆ ಹೋಗಿ ಫುಟ್‌ಪಾತಿನ ಕಲ್ಲಿಗೆ ಬಡಿಯಿತು. ಚಕ್ರವನ್ನು ಹಿಡಿದಿಡುವ ಮುಂದಿನ ಕೆಳಗಿನ ಆರ್ಮ್ ಎರಡು ತುಂಡು. "ಅಪ್ಪಾ, ನೀನೇ ತಾನೇ ಪೂರ್ತಿ ಒತ್ತು ಅಂದಿದ್ದು" ಅಂದಳು. ಹೌದು, ನಾನೇ ಹೇಳಿದ್ದು.

ಆಗಿದ್ದು ಇಷ್ಟೇ. ನ್ಯೂಟ್ರಲ್‌ಗೆ ರಿಮೋಟ್ ಕಳಿಸುವ ಸಿಗ್ನಲ್ 1500 ಮೈಕ್ರೋಸೆಕೆಂಡ್, ಪೂರ್ತಿ ಥ್ರಾಟಲ್‌ಗೆ 2000. ಇಪಿಎ 50 ಮಾಡಿದರೆ ಅದು 1750ಕ್ಕೆ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಕ್ಯಾಲಿಬ್ರೇಟ್ ಮಾಡಿದ್ದರಿಂದ "1750 ಅಂದರೆ ಪೂರ್ತಿ" ಅಂತ ಇಎಸ್‌ಸಿ ಕಲಿತುಕೊಂಡಿತು. ಲಿಮಿಟ್ ಮಾಯ. ಮೊದಲು ಎರಡೂ ಕಡೆ 100ರಲ್ಲಿ ಇಟ್ಟು ಕ್ಯಾಲಿಬ್ರೇಟ್ ಮಾಡಬೇಕು, ಆಮೇಲೆ ಇಪಿಎ ಇಳಿಸಬೇಕು, ಮತ್ತೆ ಕ್ಯಾಲಿಬ್ರೇಷನ್ ತಂಟೆಗೆ ಹೋಗಬಾರದು.

ಆ ದಿನದ ಇನ್ನೊಂದು ತಪ್ಪು: ಮೊದಲು ಡ್ಯುಯಲ್ ರೇಟ್ ಗುಂಡಿ ತಿರುಗಿಸಿದ್ದೆ. ನನ್ನ ರಿಮೋಟಿನಲ್ಲಿ ಅದು ಮುಂದಕ್ಕೂ ಬ್ರೇಕಿಗೂ ಒಟ್ಟಿಗೆ ಕತ್ತರಿ ಹಾಕುತ್ತದೆ. ಓಡುವುದು ಅರ್ಧ, ನಿಲ್ಲುವುದೂ ಅರ್ಧ. ಮಗುವಿಗೆ ಕೊಡುವ ಕಾರಿನಲ್ಲಿ ಬ್ರೇಕ್ 100 ಇರಲೇಬೇಕು. ಹಾಗಾಗಿ ಇಪಿಎಯಲ್ಲಿ ಮುಂದಿನ ಕಡೆ ಮಾತ್ರ ಇಳಿಸಿದೆ.

ಆರ್ಮ್ ಜೋಡಿಗೆ 450.

ಮಾರ್ಚ್ 16

ಹೈಸ್ಕೂಲ್ ಮೈದಾನ, ಸಂಜೆ ಐದು ಗಂಟೆ. ದಾವಣಗೆರೆಯ ಮಾರ್ಚ್, ಐದಕ್ಕೂ 34 ಡಿಗ್ರಿ. ಲಿಮಿಟ್ 50, ಬ್ರೇಕ್ 100. ಜಿಪಿಎಸ್‌ನಲ್ಲಿ 33 ಕಿ.ಮೀ. ಮಗಳು ಖುಷಿಯಾಗಿ ಓಡಿಸಿದಳು. ಸರಿಯಾಗಿ ಆರು ನಿಮಿಷಕ್ಕೆ ಕಾರು ನಿಂತುಬಿಟ್ಟಿತು. ಸ್ಟೀರಿಂಗ್ ಆಡುತ್ತಿದೆ, ಚಕ್ರ ತಿರುಗುತ್ತಿಲ್ಲ, ಇಎಸ್‌ಸಿಯ ಲೈಟ್ ಮಿಣುಕುತ್ತಿದೆ. ಅತಿ ಬಿಸಿಯಾದರೆ ತಾನೇ ಕಟ್ ಆಗುವ ವ್ಯವಸ್ಥೆ ಅದರಲ್ಲಿದೆ. ಕಾರಿನ ಜೊತೆ ಬಂದ ಹಾಳೆಯ ಪ್ರಕಾರ ಒಳಗೆ 105 ಡಿಗ್ರಿ ದಾಟಿದರೆ ಹೀಗಾಗುತ್ತದೆ.

ತಲೆ ಕೆಟ್ಟುಹೋಯಿತು. ಲಿಮಿಟ್ ಇಲ್ಲದೆ ನಾನು ಇದೇ ಕಾರನ್ನು 20 ನಿಮಿಷ ಓಡಿಸಿದ್ದೇನೆ, ಒಂದು ದಿನವೂ ಕಟ್ ಆಗಿಲ್ಲ. ಈಗ ವೇಗ ಅರ್ಧ. ಬಿಸಿಯೂ ಅರ್ಧ ಆಗಬೇಕಲ್ವಾ?

ಹಾಗಾದರೆ ಇನ್ನೂ ಇಳಿಸೋಣ ಅಂತ 20 ನಿಮಿಷ ತಣ್ಣಗಾಗಲು ಬಿಟ್ಟು ಲಿಮಿಟ್ 30 ಮಾಡಿದೆ. ಇದು ಇಡೀ ಕತೆಯಲ್ಲೇ ದೊಡ್ಡ ದಡ್ಡತನ. ಹುಲ್ಲಿನ ಮೇಲೆ ಕಾರು ಹೊರಡಲೇ ಇಲ್ಲ. ಕಡಕಡ ಅಂತ ನಡುಗಿತು, ಒಂದಡಿ ಹೋಯಿತು, ಮತ್ತೆ ನಡುಗಿತು. ಸೆನ್ಸರ್ ಇಲ್ಲದ ಮೋಟರ್ ನಿಂತ ಜಾಗದಿಂದ ಹೊರಡುವಾಗ ರೋಟರ್ (ಒಳಗೆ ತಿರುಗುವ ಭಾಗ) ಎಲ್ಲಿದೆ ಅಂತ ಇಎಸ್‌ಸಿಗೆ ತಿಳಿಯುವುದಿಲ್ಲ, ಅಂದಾಜಿನ ಮೇಲೆ ತಳ್ಳುತ್ತದೆ. ಸ್ವಲ್ಪ ವೇಗ ಹಿಡಿದ ಮೇಲೆಯೇ ಅದಕ್ಕೆ ದಾರಿ ಕಾಣುವುದು. ನಾನು ಆ ವೇಗಕ್ಕೇ ಬಿಡುತ್ತಿರಲಿಲ್ಲ. ಎರಡೇ ನಿಮಿಷಕ್ಕೆ ಇಎಸ್‌ಸಿ ಮುಟ್ಟಲಾಗದಷ್ಟು ಸುಡುತ್ತಿತ್ತು. ನಿಲ್ಲಿಸಿದೆ.

ಮಾರ್ಚ್ 18ರಿಂದ 22, ರಾತ್ರಿ ಹೊತ್ತು

ಬೆರಳಿಟ್ಟು ನೋಡುವುದು ಸಾಕು ಅಂತ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ತರಿಸಿದೆ, 1,150. ಮನೆ ಮುಂದೆಯೇ ಐದು ನಿಮಿಷ ಓಡಿಸಿ ಇಎಸ್‌ಸಿಯ ಅಲ್ಯುಮಿನಿಯಂ ರೆಕ್ಕೆಗಳಿಗೆ ಗುರಿಯಿಟ್ಟೆ. 51 ಡಿಗ್ರಿ. ಸಮಾಧಾನ ಆಯಿತು. ಆಮೇಲೆ ಬೆರಳಿಟ್ಟೆ, ಚುರ್ ಅಂತು. 51 ಡಿಗ್ರಿ ಹಾಗೆ ಸುಡಲ್ಲ.

ಹೊಳೆಯುವ ಲೋಹದ ಮೇಲೆ ಈ ಗನ್ ಸುಳ್ಳು ಹೇಳುತ್ತದೆ. ಅಲ್ಯುಮಿನಿಯಂ ತನ್ನ ಕಾವನ್ನು ಕಮ್ಮಿ ಹೊರಸೂಸಿ, ಸುತ್ತಲಿನದನ್ನು ಕನ್ನಡಿಯ ಹಾಗೆ ತೋರಿಸುತ್ತದೆ. ಇಎಸ್‌ಸಿ ಮೇಲೊಂದು, ಮೋಟರ್ ಮೇಲೊಂದು ಕಪ್ಪು ಇನ್ಸುಲೇಷನ್ ಟೇಪಿನ ಚೂರು ಅಂಟಿಸಿ ಅಲ್ಲಿ ಅಳೆದೆ. ಈಗ 84. ಮುಂದಿನ ಅಂಕಿಗಳೆಲ್ಲ ಈ ಟೇಪಿನ ಮೇಲಿನವೇ.

ಗೆಳೆಯನೊಬ್ಬನ ಹತ್ತಿರ ವಾಟ್‌ಮೀಟರ್ ಇತ್ತು. ಬ್ಯಾಟರಿಗೂ ಇಎಸ್‌ಸಿಗೂ ನಡುವೆ ಹಾಕಿದೆ. ಶನಿವಾರ ಸಂಜೆ ಮೈದಾನದಲ್ಲಿ ಲಿಮಿಟ್ 50ರಲ್ಲಿ ಆರು ನಿಮಿಷ: ಸರಾಸರಿ 14 ಆಂಪ್, ಇಎಸ್‌ಸಿ 92 ಡಿಗ್ರಿ, ಮೋಟರ್ 88. 60 ಆಂಪಿನ ಇಎಸ್‌ಸಿ 14 ಆಂಪಿಗೆ ಬೆವರುತ್ತಿದೆ! ಇಎಸ್‌ಸಿಯೇ ಹೋಗಿದೆ ಅಂತ ಹೊಸದಕ್ಕೆ ಆರ್ಡರ್ ಹಾಕುವುದರಲ್ಲಿದ್ದೆ. ಕಾರ್ಟಿಗೆ ಸೇರಿಸಿಯೂ ಆಗಿತ್ತು.

ತಡೆದಿದ್ದು ಆ ಗೆಳೆಯ. ಅವನು ಕಾರ್ಖಾನೆಯಲ್ಲಿ ಮೋಟರ್ ಡ್ರೈವ್‌ಗಳ ಜೊತೆ ಕೆಲಸ ಮಾಡುವವನು. "ನೀನು ಅಳೆದಿದ್ದು ಬ್ಯಾಟರಿಯ ಆಂಪ್ ಮಾರಾಯ, ಮೋಟರಿನದಲ್ಲ" ಅಂದ. ನೀರಿನ ನಲ್ಲಿ ತಿರುಗಿಸಿದ ಹಾಗೆ ಇಎಸ್‌ಸಿ ವೋಲ್ಟೇಜ್ ಕಮ್ಮಿ ಮಾಡಲ್ಲ. ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡುತ್ತದೆ. ಅರ್ಧ ಥ್ರಾಟಲ್ ಅಂದರೆ ಅರ್ಧ ಹೊತ್ತು ಆನ್. ಆದರೆ ಆಫ್ ಇದ್ದಾಗಲೂ ಮೋಟರಿನ ಕರೆಂಟ್ ನಿಲ್ಲುವುದಿಲ್ಲ, ಇಎಸ್‌ಸಿಯ ಒಳಗೇ ಸುತ್ತು ಹೊಡೆಯುತ್ತಿರುತ್ತದೆ. ಬ್ಯಾಟರಿ ಕಡೆ ಸರಾಸರಿ 14 ಆಂಪ್ ಅಂದರೆ ಮೋಟರ್ ಕಡೆ ಹತ್ತಿರ ಹತ್ತಿರ 28. ಅದರ ಮೇಲೆ ಪ್ರತಿ ಆನ್-ಆಫ್‌ಗೂ ಒಂದಿಷ್ಟು ಬಿಸಿ. ಪೂರ್ತಿ ಥ್ರಾಟಲ್‌ನಲ್ಲಿ ಈ ಆನ್-ಆಫ್ ಕೆಲಸವೇ ಇರುವುದಿಲ್ಲ.

ನಾನು ಓಡಿಸುವಾಗ ಯಾಕೆ ಕಟ್ ಆಗುತ್ತಿರಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು. ನಾನು ಎರಡು ಸೆಕೆಂಡ್ ಒತ್ತಿ ಬಿಡುತ್ತೇನೆ, ತಿರುವಿನಲ್ಲಿ ಹಾಗೇ ಉರುಳಲು ಬಿಡುತ್ತೇನೆ. ಮಗಳು ಲಿಮಿಟ್ ಇದೆ ಅನ್ನುವ ಧೈರ್ಯದಲ್ಲಿ ಟ್ರಿಗರ್ ಪೂರ್ತಿ ಒತ್ತಿ ಹಿಡಿದೇ ಇರುತ್ತಾಳೆ. ತಿರುವು, ಗುಂಡಿ, ಹುಲ್ಲು ಯಾವುದಕ್ಕೂ ಬಿಡಲ್ಲ. ಇಎಸ್‌ಸಿಗೆ ಉಸಿರಾಡಲು ಬಿಡುವೇ ಇಲ್ಲ.

ಮಾರ್ಚ್ 23

ಇಷ್ಟು ಗೊತ್ತಾದ ಮೇಲೂ ಗೇರಿನ ಕಡೆ ನೋಡದೆ ತಣ್ಣಗೆ ಮಾಡುವ ದಾರಿ ಹಿಡಿದೆ. 40 ಮಿ.ಮೀ. ಫ್ಯಾನ್ ಒಂದನ್ನು ಇಎಸ್‌ಸಿ ಪಕ್ಕಕ್ಕೆ ಕಟ್ಟಿದೆ, 180 ರೂಪಾಯಿ. 92 ಇದ್ದದ್ದು 86ಕ್ಕೆ ಇಳಿಯಿತು. ಕಟ್ ಆಗುವುದು ಎರಡು ನಿಮಿಷ ಮುಂದಕ್ಕೆ ಹೋಯಿತು, ಅಷ್ಟೇ. ಅದು 5 ವೋಲ್ಟಿನ ಫ್ಯಾನ್, ನಾನು ರಿಸೀವರಿನಿಂದ 6 ವೋಲ್ಟ್ ಕೊಟ್ಟಿದ್ದೆ. ಮೂರನೇ ದಿನಕ್ಕೆ ಕೀರಲು ಶುರುಮಾಡಿತು. ಬಿಚ್ಚಿ ಎಸೆದೆ.

ಫ್ಯಾನ್ ಕಟ್ಟುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಇಎಸ್‌ಸಿಯ ಬ್ಯಾಟರಿ ವೈರಿನ ಬುಡದಲ್ಲಿ ಎರಡು ಕೆಪ್ಯಾಸಿಟರ್ ಇವೆ. ಒಂದರ ತಲೆ ಉಬ್ಬಿತ್ತು. ಬ್ಯಾಟರಿಯಿಂದ ಕರೆಂಟ್ ತುಂಡು ತುಂಡಾಗಿ ಎಳೆಯುವಾಗ ಆ ಏರಿಳಿತವನ್ನು ನುಂಗುವುದು ಇವುಗಳ ಕೆಲಸ. ಅರ್ಧ ಹೊತ್ತು ಆನ್ ಅರ್ಧ ಹೊತ್ತು ಆಫ್ ಇರುವಾಗಲೇ ಆ ಏರಿಳಿತ ಅತಿ ಜಾಸ್ತಿ. ಅಂದರೆ ನಾನು ಸುರಕ್ಷಿತ ಅಂತ ಆರಿಸಿದ 50, ಕೆಪ್ಯಾಸಿಟರಿಗೆ ಅತಿ ಕೆಟ್ಟ ಜಾಗ. ವಾಟ್‌ಮೀಟರಿಗೆ ಅಂತ ನಾನು ಸೇರಿಸಿದ್ದ 15 ಸೆಂ.ಮೀ. ವೈರ್ ಅದನ್ನು ಇನ್ನಷ್ಟು ಕೆಡಿಸಿರಬೇಕು. ಬ್ಯಾಟರಿ ಕಡೆಯ ವೈರ್ ಉದ್ದ ಆದಷ್ಟೂ ಇವುಗಳ ಮೇಲೆ ಭಾರ ಜಾಸ್ತಿ.

ಬೆಂಗಳೂರಿಗೆ ಹೋಗಿದ್ದ ತಮ್ಮ ಎಸ್‌ಪಿ ರೋಡಿನಿಂದ ಮೂರು ಕೆಪ್ಯಾಸಿಟರ್ ತಂದುಕೊಟ್ಟ. 470 ಮೈಕ್ರೋಫ್ಯಾರಡ್, 35 ವೋಲ್ಟ್, ಲೋ ಇಎಸ್ಆರ್, ಅಂದರೆ ಒಳಗಿನ ರೆಸಿಸ್ಟೆನ್ಸ್ ಕಮ್ಮಿ ಇರುವಂಥದ್ದು. ತಲಾ 25 ರೂಪಾಯಿ. ಸಾಮಾನ್ಯದ್ದು ಹಾಕಿದರೆ ಅದೂ ಬೇಗ ಬಿಸಿಯಾಗಿ ಉಬ್ಬುತ್ತದೆ. ಕೇಳುವಾಗ ಲೋ ಇಎಸ್ಆರ್ ಅಂತಲೇ ಕೇಳಿ.

ಬೆಸುಗೆ ಕೈಕೊಟ್ಟಿತು. ನನ್ನ ಹತ್ತಿರ ಇದ್ದದ್ದು 25 ವಾಟಿನ ಸೋಲ್ಡರಿಂಗ್ ಐರನ್. ಆ 12 ಗೇಜ್ ವೈರ್ ಬಿಸಿಯನ್ನೆಲ್ಲ ಎಳೆದುಕೊಂಡುಬಿಡುತ್ತದೆ. ಸೀಸ ಕರಗಿ ಮೇಲೆ ಮುದ್ದೆಯಾಗಿ ಕೂತಿತು, ಒಳಗೆ ಇಳಿಯಲಿಲ್ಲ. ಬೂದು ಬಣ್ಣ, ಮರಳು ಮರಳು. ಎಳೆದರೆ ಕಿತ್ತು ಕೈಗೇ ಬಂತು. ಓಡುವಾಗ ಕಿತ್ತು ಚಾಸಿಗೆ ತಗುಲಿದ್ದರೆ ಲಿಪೋ ಶಾರ್ಟ್ ಆಗುತ್ತಿತ್ತು. ಮರುದಿನ 80 ವಾಟಿನದು ತಂದೆ, 650. ಅದರಲ್ಲಿ ನಾಲ್ಕೇ ಸೆಕೆಂಡಿಗೆ ಬೆಸುಗೆ ಹೊಳೆಯುತ್ತಾ ಹರಿಯಿತು. ಉಬ್ಬಿದ್ದನ್ನೂ ಅದರ ಜೊತೆಯದನ್ನೂ ತೆಗೆದು ಮೂರು ಹೊಸದನ್ನು ಹಾಕಿದೆ. ಬಿಳಿ ಗೆರೆ ಇರುವ ಕಾಲು ಕಪ್ಪು ವೈರಿಗೆ. ಮೂರು ಸಲ ನೋಡಿ ಖಾತ್ರಿ ಮಾಡಿಕೊಂಡೆ. ಉಲ್ಟಾ ಹಾಕಿದರೆ ಮುಖದ ಮುಂದೆಯೇ ಸಿಡಿಯುತ್ತದೆ.

ಫಲ? ಇಎಸ್‌ಸಿ 92ರಿಂದ 90. ಕೆಪ್ಯಾಸಿಟರ್ ಈಗ ಬೆಚ್ಚಗಿವೆ, ಸುಡುತ್ತಿಲ್ಲ. ಆ ಮಟ್ಟಿಗೆ ಒಳ್ಳೆಯದೇ ಆಯಿತು. ಆದರೆ ಮೂಲ ಕಾಯಿಲೆ ಹಾಗೇ ಇತ್ತು.

ಮಾರ್ಚ್ 30, ಯುಗಾದಿ

ಹೋಳಿಗೆ ಊಟ ಆಗಿ ಎಲ್ಲರೂ ಮಲಗಿದ್ದರು. ಸುಮ್ನೆ ಗೇರಿನ ಮುಚ್ಚಳ ಬಿಚ್ಚಿದೆ. ಮೋಟರ್ ಶಾಫ್ಟಿನ ಮೇಲಿನ ಚಿಕ್ಕ ಗೇರ್, ಅಂದರೆ ಪಿನಿಯನ್, ಅದರ ಒಂದು ಹಲ್ಲಿಗೆ ಮಾರ್ಕರಿನಿಂದ ಚುಕ್ಕಿ ಇಟ್ಟು ಎಣಿಸಿದೆ. 17. ಕಾರಿನ ಹಾಳೆಯಲ್ಲಿ ಇದ್ದದ್ದು 13.

ಹಿಂದಿನ ಮಾಲೀಕರು ಟಾಪ್ ಸ್ಪೀಡಿಗೆ ಅಂತ ದೊಡ್ಡದು ಹಾಕಿದ್ದರು. ತಾರು ರಸ್ತೆಯಲ್ಲಿ ಒಂದೆರಡು ಸಲ ಓಡಿಸಿ ವಿಡಿಯೋ ಮಾಡುವವರಿಗೆ ಅದು ಸರಿಯೇ. ನಾನು ಅದನ್ನೇ ಹುಲ್ಲಿಗೆ ತಂದು, ಮೇಲೆ ಥ್ರಾಟಲ್ ಕಟ್ಟಿಹಾಕಿದ್ದೆ. ಐದನೇ ಗೇರಿನಲ್ಲಿ ಬೈಕ್ ಹಾಕಿ ಆಗುಂಬೆ ಘಾಟಿ ಹತ್ತಿಸಿದ ಹಾಗೆ.

ಲೆಕ್ಕ ಹಾಕಿದೆ. ದೊಡ್ಡ ಗೇರ್ 57 ಹಲ್ಲು. ಚಕ್ರಗಳಿಗೆ ಸುತ್ತು ಹಂಚುವ ಡಿಫರೆನ್ಷಿಯಲ್ ಗೇರು 37ಕ್ಕೆ 13. ಪಿನಿಯನ್ 17 ಇದ್ದರೆ ಮೋಟರ್ 9.54 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. 13 ಹಾಕಿದರೆ 12.48. ಅದೇ ಎಳೆತಕ್ಕೆ 17ರಲ್ಲಿ ಮೋಟರಿಗೆ 1.31 ಪಟ್ಟು ಕರೆಂಟ್ ಬೇಕು. ವೈರಿನ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ 1.71 ಪಟ್ಟು. ಇನ್ನೊಂದು ಲೆಕ್ಕ ನೋಡಿ ಕೂತಲ್ಲೇ ನಗು ಬಂತು. 17 ಹಲ್ಲು, 3ಎಸ್, ಅರ್ಧ ಥ್ರಾಟಲ್ ಆದರೆ ಕಾಗದದ ಮೇಲೆ 39.8 ಕಿ.ಮೀ. ವೇಗ. 13 ಹಲ್ಲು, 2ಎಸ್, ಪೂರ್ತಿ ಥ್ರಾಟಲ್ ಆದರೆ 40.6. ಎರಡೂ ಒಂದೇ!

ಅವತ್ತೇ 13 ಹಲ್ಲಿನ ಪಿನಿಯನ್ ಆರ್ಡರ್ ಮಾಡಿದೆ, 280. ಬಂದದ್ದು 5 ಮಿ.ಮೀ. ತೂತಿನದು. ನನ್ನ ಮೋಟರಿನ ಶಾಫ್ಟ್ 3.175 ಮಿ.ಮೀ. ಹಲ್ಲಿನ ಸೈಜ್ ನೋಡಿದ್ದೆ, ತೂತು ನೋಡಿರಲಿಲ್ಲ. ತಪ್ಪು ಪೂರ್ತಿ ನನ್ನದೇ. ಮತ್ತೊಂದು ತರಿಸಿದೆ, 260. ಜೊತೆಗೆ 2ಎಸ್ 5000 ಎಂಎಎಚ್ ಬ್ಯಾಟರಿ, 3,200.

ಏಪ್ರಿಲ್ 6

ಹಳೆಯ ಪಿನಿಯನ್ನಿನ ಸ್ಕ್ರೂ ಬರಲಿಲ್ಲ. ಥ್ರೆಡ್‌ಲಾಕ್ ಅಂಟು ಹಾಕಿದ್ದರು. 1.5 ಮಿ.ಮೀ. ಅಲೆನ್ ಕೀ ಜಾಸ್ತಿ ಒತ್ತಿದರೆ ಸ್ಕ್ರೂ ಒಳಗಡೆ ಸವೆದುಹೋಗುತ್ತದೆ. ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ ತುದಿ ಅರ್ಧ ನಿಮಿಷ ಇಟ್ಟೆ, ಅಂಟು ಮೆತ್ತಗಾಗಿ ಬಂತು. ಹೊಸದನ್ನು ಹಾಕುವಾಗ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗದ ಮೇಲೆಯೇ ಕೂರಬೇಕು, ಒಂದು ಹನಿ ನೀಲಿ ಥ್ರೆಡ್‌ಲಾಕ್ ಸಾಕು. ಎರಡು ಗೇರಿನ ನಡುವೆ ನೋಟ್‌ಬುಕ್ ಹಾಳೆಯ ಪಟ್ಟಿ ಇಟ್ಟು ಮೋಟರ್ ಒತ್ತಿ ಬಿಗಿಮಾಡಿ, ಹಾಳೆ ಎಳೆದರೆ ಬೇಕಾದಷ್ಟು ಸಂದು ಉಳಿಯುತ್ತದೆ.

ಸಂಜೆ ಅದೇ ಮೈದಾನ, 33 ಡಿಗ್ರಿ, ಪ್ರತಿ ಸಲವೂ ಮಗಳೇ ಆರು ನಿಮಿಷ ಓಡಿಸಿದಳು. ನಡುನಡುವೆ ಪೂರ್ತಿ ತಣ್ಣಗಾಗಲು ಬಿಟ್ಟೆ. ಆ ಹೊತ್ತಿಗೆ ರಾಮನವಮಿಯ ಪಾನಕ ಇತ್ತು.

3ಎಸ್, 17 ಹಲ್ಲು, ಲಿಮಿಟ್ 50 (ಮಾರ್ಚಿನದು): 33 ಕಿ.ಮೀ., 14 ಆಂಪ್, ಇಎಸ್‌ಸಿ 92, ಮೋಟರ್ 88
3ಎಸ್, 13 ಹಲ್ಲು, ಲಿಮಿಟ್ 50: 25 ಕಿ.ಮೀ., 8.5 ಆಂಪ್, ಇಎಸ್‌ಸಿ 76, ಮೋಟರ್ 69
2ಎಸ್, 13 ಹಲ್ಲು, ಲಿಮಿಟ್ ಇಲ್ಲ: 34 ಕಿ.ಮೀ., 19 ಆಂಪ್, ಇಎಸ್‌ಸಿ 61, ಮೋಟರ್ 66
2ಎಸ್, 13 ಹಲ್ಲು, ಲಿಮಿಟ್ 70: 24 ಕಿ.ಮೀ., 12 ಆಂಪ್, ಇಎಸ್‌ಸಿ 63, ಮೋಟರ್ 62

ಮೊದಲನೇ ಮತ್ತು ಮೂರನೇ ಸಾಲು ಪಕ್ಕಪಕ್ಕ ಇಟ್ಟು ನೋಡಿ. ಒಂದೇ ವೇಗ. ಬ್ಯಾಟರಿಯಿಂದ ಹೋಗುವ ಆಂಪ್ 14ರಿಂದ 19ಕ್ಕೆ ಏರಿದೆ, ಆದರೂ ಇಎಸ್‌ಸಿ 31 ಡಿಗ್ರಿ ತಣ್ಣಗಿದೆ. ವಾಟ್‌ಮೀಟರನ್ನೇ ನಂಬಿ ಕೂತಿದ್ದರೆ ನಾನು ಉಲ್ಟಾ ತೀರ್ಮಾನಕ್ಕೆ ಬರುತ್ತಿದ್ದೆ.

ಕೊನೆಯ ಸಾಲೂ ಕುತೂಹಲದ್ದೇ. ವೇಗ 10 ಕಿ.ಮೀ. ಇಳಿದರೂ ಇಎಸ್‌ಸಿಯ ಬಿಸಿ ಇಳಿದಿಲ್ಲ. ಎರಡು ಡಿಗ್ರಿ ಏರಿದ್ದು ನನ್ನ ಗನ್ನಿನ ತಪ್ಪೇ ಇರಬಹುದು, ಅದಕ್ಕೆ ಬೆಲೆ ಕೊಡಲ್ಲ. ಮೋಟರ್ ಮಾತ್ರ ಸ್ವಲ್ಪ ತಣ್ಣಗಾಗಿದೆ.

ಹಾಗಂತ ಥ್ರಾಟಲ್ ಲಿಮಿಟ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಟ್ರಾಕ್ಸಸ್ ಕಂಪನಿಯ ಹಲವು ಕಾರುಗಳಲ್ಲಿ 50 ಪರ್ಸೆಂಟಿನ ಟ್ರೈನಿಂಗ್ ಮೋಡ್ ಇದೆ. ಸ್ಪೆಕ್ಟ್ರಮ್‌ನ ಎಸ್‌ಎಲ್‌ಟಿ3 ರಿಮೋಟಿನಲ್ಲಿ 50, 75, 100 ಅಂತ ಸ್ವಿಚ್ಚೇ ಇದೆ. ಕಂಪನಿಯ ಗೇರಿನಲ್ಲೇ ಇರುವ ಕಾರಿಗೆ ಅದು ನಡೆಯುತ್ತದೆ. ಯಾರೋ ಗೇರ್ ಬದಲಾಯಿಸಿದ ಕಾರಿಗೆ, ಹುಲ್ಲಿನಲ್ಲಿ, ಒತ್ತಿ ಹಿಡಿದೇ ಇರುವ ಕೈಗೆ ಕೊಟ್ಟಾಗ ನನಗಾದ ಹಾಗೆ ಆಗುತ್ತದೆ. ಟ್ರಿಗರ್ ಹಿಂದೆ ರಬ್ಬರ್ ಚೂರು ಅಂಟಿಸಿ ಅಂತ ಕೆಲವರು ಹೇಳುತ್ತಾರೆ. ಇಎಸ್‌ಸಿಗೆ ಅದೂ ಇಪಿಎಯೂ ಒಂದೇ, ಅದಕ್ಕೆ ಬರುವುದು ಅದೇ ಅರ್ಧ ಸಿಗ್ನಲ್.

ಏಪ್ರಿಲ್ 13

ಈಗಿನ ಸೆಟ್ಟಿಂಗ್: 2ಎಸ್, 13 ಹಲ್ಲು, ಮಗಳಿಗೆ ಲಿಮಿಟ್ 80, ಬ್ರೇಕ್ 100. ಇಎಸ್‌ಸಿಯ ಪಂಚ್ ಸೆಟ್ಟಿಂಗ್ (ಹೊರಡುವಾಗ ಎಷ್ಟು ಜೋರಾಗಿ ಎಳೆಯಬೇಕು ಅನ್ನುವುದು) ಎರಡು ಮೆಟ್ಟಿಲು ಇಳಿಸಿದೆ, ಹೊರಡುವಾಗ ಮುಂಗಾಲು ಎತ್ತುವುದು ನಿಂತಿದೆ. ವಾಟ್‌ಮೀಟರನ್ನೂ ಉದ್ದ ವೈರನ್ನೂ ತೆಗೆದು ಗೆಳೆಯನಿಗೆ ವಾಪಸ್ ಕೊಟ್ಟೆ.

ಫೇಲ್‌ಸೇಫ್ ಕೂಡ ನೋಡಿದೆ, ಅಂದರೆ ರಿಮೋಟಿನ ಸಿಗ್ನಲ್ ತಪ್ಪಿದರೆ ಕಾರು ಏನು ಮಾಡಬೇಕು ಅನ್ನುವ ಸೆಟ್ಟಿಂಗ್. ಕಾರನ್ನು ಡಬ್ಬಿಯ ಮೇಲಿಟ್ಟು ಚಕ್ರ ಗಾಳಿಯಲ್ಲಿ ಸುತ್ತುವಾಗ ರಿಮೋಟ್ ಆಫ್ ಮಾಡಿದೆ. ಚಕ್ರ ಸುತ್ತುತ್ತಲೇ ಇತ್ತು! ಹಿಂದಿನ ಮಾಲೀಕರು ಅದನ್ನು ಸೆಟ್ ಮಾಡಿರಲೇ ಇಲ್ಲ. ಇಷ್ಟು ದಿನ 61 ಕಿ.ಮೀ. ಓಡುವ ಕಾರನ್ನು ಹೀಗೇ ಓಡಿಸಿದ್ದೆ. ನ್ಯೂಟ್ರಲ್‌ಗೆ ಸೆಟ್ ಮಾಡಿದೆ. ಈ ಪರೀಕ್ಷೆಯನ್ನು ಮಾರ್ಚ್ 9ರಂದೇ, ಎಲ್ಲಕ್ಕಿಂತ ಮೊದಲು ಮಾಡಬೇಕಿತ್ತು.

ಸಂಜೆ 22 ನಿಮಿಷ ಒಂದೇ ಸಮ ಓಡಿಸಿದಳು. ಇಎಸ್‌ಸಿ 64ರಲ್ಲೇ ನಿಂತಿತು. ಬ್ಯಾಟರಿ ಸೆಲ್ಲಿಗೆ 3.6 ವೋಲ್ಟ್ ಇದ್ದಾಗ ನಿಲ್ಲಿಸಿದೆವು. ಕೊನೆಯಲ್ಲಿ ಎಡಕ್ಕೆ ತಿರುಗಿಸಿದಾಗ ಸ್ಟೀರಿಂಗ್ ಸರ್ವೋ (ಮುಂದಿನ ಚಕ್ರ ಹೊರಳಿಸುವ ಚಿಕ್ಕ ಮೋಟರ್) ಕರಕರ ಅನ್ನುತ್ತಿತ್ತು. ಫುಟ್‌ಪಾತಿನ ಏಟಿಗೆ ಅದರ ಒಳಗಿನ ಹಲ್ಲೂ ಹೋಗಿರಬೇಕು. ಮುಂದಿನ ಭಾನುವಾರ ಬಿಚ್ಚಿ ನೋಡುತ್ತೇನೆ.